ಹನ್ನೊಂದನೆಯ ಕಿಟಕಿ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಚಹಾದ್ದೂ ಅಲ್ಲ. ಮೊಬೈಲಿನದು ಎಂದು ಮನೆಯವರು ದೂರುತ್ತಾರೆ, ಅದನ್ನು ನೀವು ನಂಬಬೇಡಿ. ನನ್ನ ಚಟ ಕಿಟಕಿ ಎಣಿಸುವುದು. ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಕಣ್ಣು ಗೋಡೆ ಸುತ್ತಿ ಬರುತ್ತದೆ. ಇಂಡಿಯಲ್ಲಿ ಒಂದು ಮದುವೆಗೆ ಹೋದಾಗ ಮಂಗಲ ಕಾರ್ಯಾಲಯದ ಕಿಟಕಿ ಎಣಿಸುತ್ತ ನಿಂತು ಅಕ್ಷತೆ ಹಾಕುವುದನ್ನೇ ಮರೆತೆ. ಆಮೇಲೆ ಯಾರೂ ನೋಡದಂತೆ ಅಕ್ಕಿಕಾಳನ್ನು ಪರ್ಸಿಗೆ ಸುರಿದುಕೊಂಡು ಊಟಕ್ಕೆ ಕೂತೆ. ಮುದ್ದೇಬಿಹಾಳದಲ್ಲಿ ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದು ಕೂತಾಗಲೂ ಅದೇ ಕೆಲಸ. ಅವರು "ಎಷ್ಟು ಹಲ್ಲು ನೋಯ್ತಾವ್ರಿ?" ಎಂದು ಕೇಳಿದರೆ ನಾನು ನಾಲ್ಕು ಬೆರಳು ತೋರಿಸಿದೆ. ನೋಯುತ್ತಿದ್ದದ್ದು ಒಂದೇ. ಡಾಕ್ಟರು ಇಕ್ಕಳ ಎತ್ತಿಕೊಂಡು ದೊಡ್ಡ ಉತ್ಸಾಹದಿಂದ ಬಗ್ಗಿದಾಗ ನನಗೆ ಎಚ್ಚರವಾಯಿತು.

ಸಿಂದಗಿಯ ಕತೆ ಇದಕ್ಕಿಂತ ಕೆಟ್ಟದ್ದು. ಮೈದುನನ ಮಗನಿಗೆ ಕನ್ಯಾ ನೋಡಲು ಹೋಗಿದ್ದೆವು. ಸುಸಲಾ ತಿಂದೆವು, ಚಹಾ ಕುಡಿದೆವು, ಹುಡುಗಿ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ವಾಪಸು ಬರುವಾಗ ಜೀಪಿನಲ್ಲಿ ನನ್ನ ನೆಗೆಣ್ಣಿ ಕೇಳಿದಳು: "ಅಕ್ಕಾರ, ಹೆಂಗ ಅನಸ್ತು?" ನಾನು ಮನಸಾರೆ ಹೇಳಿದೆ: "ಭಾಳ ಚಲೋ ಐತಿ. ಗಾಳಿ ಬೆಳಕು ಹೇಳಿ ಮಾಡಿಸಿದಂಗ ಐತಿ. ಏಳು ಕಿಡಕಿ ಅದಾವ." ಬಸವನ ಬಾಗೇವಾಡಿ ಬರುವ ತನಕ ಆಕೆ ನನ್ನ ಜೊತೆ ಮಾತಾಡಲಿಲ್ಲ. ಮದುವೆ ಆಯಿತೆನ್ನಿ. ಆ ಹುಡುಗಿ ಈಗ ನಮ್ಮ ಮನೆಯಲ್ಲಿ ನನ್ನ ಪಕ್ಷ ವಹಿಸುವ ಒಬ್ಬಳೇ ಒಬ್ಬಳು.

ಈ ಚಟ ಎಲ್ಲಿಂದ ಬಂತು ಎಂದರೆ, ನಾನು ಹುಟ್ಟಿದ್ದು ಕಿಟಕಿಯಿಲ್ಲದ ಮನೆಯಲ್ಲಿ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ನೀವು ನೋಡಿರಬೇಕು. ಕಲ್ಲಿನ ಗೋಡೆ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಬೆಳಕು ಬರುವುದಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಬೇಸಿಗೆಯ ಝಳ ಬರುತ್ತದೆ, ಧೂಳು ಬರುತ್ತದೆ, ಕಳ್ಳರು ಬರುತ್ತಾರೆ ಎಂದು ಗೋಡೆಗೆ ಕಿಟಕಿ ಇಡಿಸುತ್ತಿರಲಿಲ್ಲ. ಬೆಳಕಿಂಡಿಯಿಂದ ಇಳಿದ ಬಿಸಿಲು ನಡುಮನೆಯಲ್ಲಿ ಎಲ್ಲಿ ಬಿದ್ದಿದೆ ಎಂದು ನೋಡಿಯೇ ಅವ್ವ ರೊಟ್ಟಿಗೆ ಹಿಟ್ಟು ಹಾಕುತ್ತಿದ್ದಳು. ಮೋಡ ಕವಿದ ದಿನ ನಮ್ಮ ಊಟ ತಡವಾಗುತ್ತಿತ್ತು. ಹಾಗಾಗಿ ಗೋಡೆಯಲ್ಲಿ ತೂತು ಮಾಡಿ ಅದಕ್ಕೆ ಬಾಗಿಲು ಹಚ್ಚಿ, ಅದರಿಂದ ಹೊರಗಿನ ಮಂದಿಯನ್ನು ನೋಡಬಹುದು ಎಂಬ ಸಂಗತಿ ನನಗೆ ಗೊತ್ತಾದದ್ದು ಶಾಲೆಗೆ ಹೋದ ಮೇಲೆ. ಮೊದಲ ದಿನ ನಾನು ಅಳಲಿಲ್ಲ, ಅಕ್ಷರ ಕಲಿಯಲೂ ಇಲ್ಲ. ಇಡೀ ದಿನ ಕಿಟಕಿ ನೋಡಿದೆ.

ಕಿಟಕಿಯ ಹುಚ್ಚು ನನಗೊಬ್ಬಳಿಗೇ ಅಲ್ಲ ಬಿಡಿ. ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಹಳೆಯ ಕೊಲ್ಹಾರದವಳು. ಆಣೆಕಟ್ಟಿನ ಹಿನ್ನೀರು ಊರೊಳಗೆ ಬರುತ್ತದೆ ಎಂದಾದಾಗ ಎಲ್ಲರೂ ಬಾಗಿಲು, ಕಂಬ, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರೆ ಚಿಗವ್ವ ತನ್ನ ಮನೆಯ ಏಕಮಾತ್ರ ಕಿಟಕಿಯನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಸ ಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. "ಮನಿ ನೀರಿಗೆ ಕೊಟ್ಟೇನಿ, ಕಿಡಕಿ ಕೊಡೂದಿಲ್ಲ" ಎಂದು ಅದನ್ನು ದನದ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದಳು. ಎಮ್ಮೆಗಳು ಏನು ತಿಳಿದವೋ, ಅದರ ಎದುರೇ ಮಲಗುತ್ತಿದ್ದವು.

ಇರಲಿ, ಶಾಲೆಗೆ ಬರುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಮಸೂತಿಗೂ ಗೊಳಸಂಗಿಗೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಹೆಸರು ಬರೆದರೆ ಶಾಲಾ ಸಮಿತಿಯ ಅಧ್ಯಕ್ಷರಾದ ಶಿವಪುತ್ರಪ್ಪ ಕಾಕಾ "ನಮ್ಮನ್ನ ಪೇಪರಿನ್ಯಾಗ ಹಾಕಿದ್ರೇನ್ರಿ ಅಕ್ಕೋರ" ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ಕಲಿತದ್ದೂ ಅದೇ ಶಾಲೆ, ಊರೂರು ಸುತ್ತಿ ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದದ್ದೂ ಅದೇ ಶಾಲೆ. ಸ್ವಾತಂತ್ರ್ಯಕ್ಕಿಂತ ಮೊದಲಿನ ಕಲ್ಲಿನ ಕಟ್ಟಡ. ಸರಕಾರ ಜಾಗ ಕೊಟ್ಟಿತು, ಊರವರು ಕಲ್ಲು ಹೊತ್ತರು, ಹನ್ನೊಂದು ಮನೆತನದವರು ಒಂದೊಂದು ಕಿಟಕಿ ದಾನ ಕೊಟ್ಟರು.

ಆ ದಾನದಲ್ಲೊಂದು ತಮಾಷೆ ಇದೆ. ಕೊಡುವ ವಸ್ತುವನ್ನು ಕೊಡುವವನೇ ತನ್ನ ಕೈಯಿಂದ ಅಳೆಯಬೇಕು ಎಂಬುದು ಆಗ ನಮ್ಮೂರ ರೀತಿ. ಕಾಳಾದರೆ ತನ್ನ ಬೊಗಸೆ, ಬಟ್ಟೆಯಾದರೆ ತನ್ನ ಮೊಳ. ಬೇರೆಯವರಿಂದ ಅಳೆಸಿದರೆ ಪುಣ್ಯವೂ ಅವರ ಮನೆಗೇ ಹೋಗುತ್ತದೆ ಎಂಬ ಭಯ. ಕಿಟಕಿ ಮೂರು ಮೊಳ ಎತ್ತರ, ಎರಡು ಮೊಳ ಅಗಲ ಇರಬೇಕೆಂದು ಪಂಚರು ಠರಾವು ಮಾಡಿದರು. ದಾನಿಗಳೆಲ್ಲ ಸಾಲಾಗಿ ಬಂದು ಮೊಣಕೈ ಊರಿ ತಮ್ಮ ತಮ್ಮ ಮೊಳದಲ್ಲೇ ಅಳೆದುಕೊಟ್ಟರು. ಊರ ಗೌಡರು ಆರಡಿ ಆಳು, ಅವರ ಕಿಟಕಿ ಹೆಚ್ಚುಕಡಿಮೆ ಬಾಗಿಲಿನಷ್ಟಾಯಿತು. ಕಿರಾಣಿ ಶೆಟ್ಟರು ಗಿಡ್ಡ, ಅವರದು ಹಾಗೇ ಆಯಿತು. ಕೊನೆಯದನ್ನು ಕೊಟ್ಟವಳು ಹಾಲು ಮಾರುವ ಸಂಗವ್ವ ಎಂಬ ಮುದುಕಿ. ಅವಳದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಕೆಳಗಿನದು. ಮಕ್ಕಳು ಕೂತಲ್ಲಿಂದ ಹೊರಗೆ ಕಾಣಬೇಕು ಎಂದು ಹಟ ಹಿಡಿದಳಂತೆ. ಹೀಗೆ ಹನ್ನೊಂದು ಕಿಟಕಿ, ಹನ್ನೊಂದು ಅಳತೆ. ಇದನ್ನು ನನಗೆ ಹೇಳಿದವನು ನಮ್ಮಜ್ಜ.

ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಇದ್ದದ್ದು ಹತ್ತು. ಸಂಗವ್ವನ ಕಿಟಕಿ ಇದ್ದ ಜಾಗದಲ್ಲಿ ಕಲ್ಲು ಮಣ್ಣು ತುಂಬಿ ಗೋಡೆ ಮಾಡಿದ್ದರು, ಅದರ ಮೇಲೆ ಒಳಗಡೆ ಬಣ್ಣದಲ್ಲಿ 'ಜ್ಞಾನವೇ ಬೆಳಕು' ಎಂದು ಬರೆದಿದ್ದರು. ಬರೆಸಿದವರು ಯಾರೋ ಗೊತ್ತಿಲ್ಲ. ಮುಚ್ಚಿಸಿದವರು ಯಾರು ಎಂದು ಗೊತ್ತು. ಮುಚ್ಚಿಸಿದವಳು ನಾನು.

ಹೇಳುತ್ತೇನೆ. ನನಗೆ ಒಬ್ಬ ಅಕ್ಕ, ಗೌರವ್ವ, ನನಗಿಂತ ಎರಡು ವರ್ಷ ದೊಡ್ಡವಳು. ಇಬ್ಬರನ್ನೂ ಒಂದೇ ದಿನ ಶಾಲೆಗೆ ಹಾಕಿದ್ದರು, ಇಬ್ಬರೂ ಒಂದೇ ತರಗತಿ. ಅಕ್ಕ ಮೊದಲನೇ ನಂಬರು, ನಾನು ಎಷ್ಟನೆಯವಳು ಎಂದು ಇಲ್ಲಿ ಬರೆದರೆ ನನ್ನ ವಿದ್ಯಾರ್ಥಿಗಳು ಓದಿಬಿಟ್ಟಾರು. ಮೂರನೆಯ ಇಯತ್ತೆ ಮುಗಿದ ವರ್ಷ ತಮ್ಮ ಹುಟ್ಟಿದ. ಅವ್ವ ಹೊಲಕ್ಕೆ ಹೋಗಬೇಕು, ಕೂಸು ಹಿಡಿಯುವವರು ಬೇಕು. ಅಪ್ಪ ಇಬ್ಬರಲ್ಲಿ ದೊಡ್ಡವಳನ್ನು ಬಿಡಿಸಿದ. ಯಾರೂ ಅತ್ತು ಕರೆದು ಮಾಡಲಿಲ್ಲ, ಆಗ ಅದು ಎಲ್ಲರ ಮನೆಯ ರೂಢಿ.

ಆದರೆ ಅಕ್ಕ ಬಿಡಲಿಲ್ಲ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ದಿನಾ ಹತ್ತು ಗಂಟೆಗೆ ಸಂಗವ್ವನ ಕಿಟಕಿಯ ಹೊರಗೆ ಬಂದು ನಿಲ್ಲುತ್ತಿದ್ದಳು. ಅದೇ ನಮ್ಮ ನಾಲ್ಕನೆಯ ಇಯತ್ತೆಯ ಖೋಲಿ. ನಮ್ಮ ಮಠಪತಿ ಮಾಸ್ತರು ಕಂಡೂ ಕಾಣದವರ ಹಾಗೆ ಇರುತ್ತಿದ್ದರು. ಕರಿಹಲಗೆಯನ್ನು ಮಾತ್ರ ಒಂದು ದಿನ ಸದ್ದಿಲ್ಲದೆ ಕಿಟಕಿಯ ಕಡೆ ತಿರುಗಿಸಿ ಇಟ್ಟರು. ನಮಗೆ ಕತ್ತು ನೋಯತೊಡಗಿತು.

ನನ್ನ ದುಃಖ ಏನೆಂದರೆ, ಮಾಸ್ತರು ಮಗ್ಗಿ ಕೇಳುವಾಗ ನಾನು ಎದ್ದು ನಿಂತು ಚಾವಣಿ ನೋಡುತ್ತಿದ್ದೆ, ಉತ್ತರ ಹೊರಗಿನಿಂದ ಬರುತ್ತಿತ್ತು. "ಹದಿನೇಳೆಂಟ್ಲೆ ಎಷ್ಟು?" ಎಂದರೆ ಕಿಟಕಿಯಿಂದ "ನೂರಾ ಮೂವತ್ತಾರ್ರಿ ಸರ" ಎಂದು ಅಕ್ಕನ ದನಿ. ಮಾಸ್ತರು ನಕ್ಕು, "ನೋಡವಾ, ಹೊರಗಿನಾಕಿಗೆ ಬರ್ತೈತಿ, ಒಳಗಿನಾಕಿಗೆ ಬರೂದಿಲ್ಲ" ಎನ್ನುವರು. ತರಗತಿ ಹೋ ಎಂದು ನಗುವುದು. ಇದು ಒಂದು ದಿನ, ಎರಡು ದಿನ ಅಲ್ಲ. ಹುಡುಗರು ಓಣಿಯಲ್ಲಿ ನನ್ನನ್ನು "ಒಳಗಿನಾಕಿ" ಎಂದೇ ಕರೆಯತೊಡಗಿದರು. ಒಂದು ಸಂಜೆ ಅಪ್ಪ ಎತ್ತಿಗೆ ಮೇವು ಹಾಕುವಾಗ ಹಿಂದೆ ಹೋಗಿ ನಿಂತು ಹೇಳಿದೆ: "ಅಪ್ಪಾ, ಅಕ್ಕ ದಿನಾ ಸಾಲಿ ಕಿಡಕಿ ಹಂತೇಕ ನಿಂತಿರ್ತಾಳ. ಹಾದ್ಯಾಗ ಹೋಗಾವರೆಲ್ಲಾ ನೋಡ್ತಾರ."

ಎರಡನೆಯ ಮಾತು ನನ್ನ ಸ್ವಂತದ್ದು. ಹಾದಿಯಲ್ಲಿ ಹೋಗುವವರು ಯಾರೂ ನೋಡುತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಅಪ್ಪನಿಗೆ ಯಾವುದು ನಾಟುತ್ತದೆ ಎಂದು ಗೊತ್ತಿತ್ತು ನೋಡಿ. ಅಪ್ಪ ಆಗ ಶಾಲೆಯ ಪಂಚರಲ್ಲಿ ಒಬ್ಬ. ಅಕ್ಕನಿಗೆ ಬೈಯಲಿಲ್ಲ, ಬಡಿಯಲಿಲ್ಲ. ಮರುದಿನ ನಸುಕಿನಲ್ಲಿ ಬಂಡಿಗೆ ಕಲ್ಲು ಹೇರಿಕೊಂಡು ಹೋದ. ನಾವು ಶಾಲೆಗೆ ಹೋಗುವಷ್ಟರಲ್ಲಿ ಮೊಣಕಾಲೆತ್ತರ ಗೋಡೆ ಎದ್ದಿತ್ತು, ಹತ್ತು ಗಂಟೆಗೆ ಪೂರಾ ಮುಚ್ಚಿತ್ತು. ಹೆಣ್ಣುಮಕ್ಕಳ ಖೋಲಿ ಹಾದಿಗೆ ಕಾಣಬಾರದು ಎಂದು ಪಂಚರಿಗೆ ಕಾರಣ ಹೇಳಿದನಂತೆ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ತಮ್ಮ ಅಳುವುದು ಕೇಳಿಸಿತು. ಅಕ್ಕನ ದನಿ ಕೇಳಿಸಲಿಲ್ಲ. ಮಾಸ್ತರು ಅವತ್ತು ಯಾರಿಗೂ ಮಗ್ಗಿ ಕೇಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಎಲ್ಲೂ ಹೋಗಲಿಲ್ಲ, ಗೋಡೆಯಾಗಿ ಅಲ್ಲೇ ನಿಂತಿತು. ಹೇಳಿದವಳು ನಾನು ಎಂದು ಅಪ್ಪ ಯಾರಿಗೂ ಬಾಯಿ ಬಿಡಲಿಲ್ಲ. ಅಕ್ಕನನ್ನು ಊರೊಳಗೇ ಸೋದರಮಾವನಿಗೆ ಕೊಟ್ಟರು. ನಾನು ಓದಿ ಮಾಸ್ತರಿಕೆಗೆ ಸೇರಿದೆ. ಅಕ್ಕ ಇಂದಿಗೂ ಅಡುಗೆಮನೆಯಿಂದಲೇ ಮೊಮ್ಮಕ್ಕಳ ಮಗ್ಗಿ ತಿದ್ದುತ್ತಾಳೆ, ಮೂವತ್ತರವರೆಗೂ ಬಾಯಿಪಾಠ. ಶಾಲೆಯ ಮುಂದಿನ ಹಾದಿಯಲ್ಲಿ ಮಾತ್ರ ಬರುತ್ತಿರಲಿಲ್ಲ, ಹೊಲಕ್ಕೆ ಹೋಗಬೇಕಾದರೆ ಹಳ್ಳದ ಕಡೆಯಿಂದ ಸುತ್ತಿ ಹೋಗುತ್ತಿದ್ದಳು. ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅಷ್ಟರೊಳಗೆ ಆ ಕಿಟಕಿ ತೆರೆಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ. ಮುಚ್ಚಿದವನೂ ಅದೇ ಅಪ್ಪ ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಶಾಲೆಯ ಹಳೆಯ ಕಿಟಕಿಗಳನ್ನು ಬದಲಿಸುವುದಕ್ಕೆ ಮಂಜೂರಾತಿ ಬಂತು. ಬರಲೇಬೇಕಿತ್ತು. ಸಾಗವಾನಿ ಕಟ್ಟಿಗೆಯನ್ನೂ ಒರಲೆ ತಿಂದು ಹಾಕಿತ್ತು, ಎರಡು ಕಿಟಕಿಯ ಬಾಗಿಲುಗಳನ್ನು ನಾವು ಸುತಳಿಯಿಂದ ಕಟ್ಟಿದ್ದೆವು. ನಾನು ಹನ್ನೊಂದು ಕಿಟಕಿ ಎಂದು ಅರ್ಜಿ ಬರೆದೆ. ಮಂಜೂರಾಗಿ ಬಂದದ್ದು ಹತ್ತು. ಮತ್ತೆ ಬರೆದೆ. ಎಂಜಿನಿಯರು ಫೋನಿನಲ್ಲಿ ತಾಳ್ಮೆಯಿಂದ ಹೇಳಿದರು: "ಮೇಡಂ, ಇದ್ದ ಕಿಡಕಿ ಬದಲಿ ಮಾಡಬಹುದು. ಇಲ್ಲದ್ದನ್ನ ಹೆಂಗ ಬದಲಿ ಮಾಡೋದ್ರಿ?" ನ್ಯಾಯವಾದ ಮಾತು. ನ್ಯಾಯವಾದ ಮಾತು ಕೇಳಿದರೆ ನನಗೆ ಸಿಟ್ಟು ಹೆಚ್ಚು ಬರುತ್ತದೆ.

ಕೆಲಸ ಹಿಡಿದವನು ಬಾಗೇವಾಡಿಯ ಗುತ್ತಿಗೆದಾರ ಮೌನೇಶ. ತರುಣ, ಚುರುಕು, ಬಡಿಗೇರರ ಮನೆಯ ಮಗ. ಅಲ್ಯುಮಿನಿಯಮ್ಮಿನ ಸರಿಸುವ ಕಿಟಕಿ ಹಾಕುತ್ತೇನೆಂದ. ಆ ಕಿಟಕಿಗಳ ಗುಣ ನಿಮಗೆ ಗೊತ್ತಿರಬೇಕು, ಎಷ್ಟು ಸರಿಸಿದರೂ ಅರ್ಧ ಮುಚ್ಚಿಯೇ ಇರುತ್ತದೆ. ನಮ್ಮ ಏಪ್ರಿಲಿನಲ್ಲಿ ಅರ್ಧ ಕಿಟಕಿಯ ಹಿಂದೆ ಮಕ್ಕಳನ್ನು ಕೂರಿಸಿದರೆ ಬೇಯಿಸಿದ ಹಾಗೆಯೇ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೌನೇಶ ಬಾಗಿಲ ಪಕ್ಕದ ಮೊದಲ ಕಿಟಕಿಗೆ ಟೇಪು ಹಿಡಿದು, ಅಂಗೈಯಲ್ಲಿ ಅಳತೆ ಬರೆದುಕೊಂಡು, "ಆತ್ರಿ ಅಕ್ಕೋರ, ಬರ್ತೇನಿ" ಎಂದ.

ಉಳಿದ ಒಂಬತ್ತನ್ನು ಅವನು ಅಳೆಯಲಿಲ್ಲ. ಸರಕಾರಿ ಕಟ್ಟಡ, ಎಲ್ಲ ಒಂದೇ ಅಳತೆ ಇರುತ್ತವೆ ಎಂದುಕೊಂಡ. ಶಿಕ್ಷಕಿಯಾದವಳು ತಪ್ಪು ಕಂಡಾಗ ತಿದ್ದಬೇಕು. ನನ್ನ ನಾಲಿಗೆಯ ತುದಿಗೆ ನಮ್ಮಜ್ಜ, ಗೌಡರು, ಶೆಟ್ಟರು, ಹನ್ನೊಂದು ಮೊಳ ಎಲ್ಲ ಬಂದವು. ನಾನು ಅವನ್ನೆಲ್ಲ ನುಂಗಿ, "ಚಹಾ ಕುಡದು ಹೋಗೋ ತಮ್ಮಾ" ಎಂದೆ. ಮಾತಾಡಬಾರದಲ್ಲಿ ಒಮ್ಮೆ ಮಾತಾಡಿ ಕೆಟ್ಟಿದ್ದೆ, ಈ ಸಲ ಸುಮ್ಮನಿದ್ದು ನೋಡೋಣ ಎನಿಸಿತು.

ಒಂದು ತಿಂಗಳಿಗೆ ಟೆಂಪೋದಲ್ಲಿ ಹತ್ತು ಕಿಟಕಿ ಬಂದು ಇಳಿದವು, ಎಲ್ಲ ಅವಳಿ ಜವಳಿ. ಮೊದಲನೆಯದು ಹೇಳಿ ಮಾಡಿಸಿದಂತೆ ಕೂತಿತು. ಎರಡನೆಯದನ್ನು ಗೌಡರ ಕಿಟಕಿಗೆ ಹಿಡಿದರೆ ಬದಿಯಲ್ಲಿ ಬೆಕ್ಕು ಮರಿಗಳ ಸಮೇತ ಓಡಾಡುವಷ್ಟು ಸಂದು. ಮೂರನೆಯದು ಶೆಟ್ಟರ ಕಿಟಕಿಯೊಳಗೆ ಇಳಿಯಲೇ ಇಲ್ಲ. ಮೌನೇಶ ಓಡೋಡಿ ಎಲ್ಲ ಕಿಟಕಿಗೂ ಟೇಪು ಹಿಡಿದ, ಆಮೇಲೆ ಕಟ್ಟೆಯ ಮೇಲೆ ಕೂತು ತಲೆಗೆ ಕೈ ಹಚ್ಚಿದ.

"ಅಕ್ಕೋರ, ಈ ಸಾಲಿ ಕಟ್ಟಿದವರ ಹಂತೇಕ ಒಂದ ಟೇಪರ ಇರಲಿಲ್ಲೇನ್ರಿ?"

"ಇತ್ತಪ್ಪಾ. ಹನ್ನೊಂದ ಇದ್ದುವು" ಎಂದು ಮೊಳದ ಕತೆ ಹೇಳಿದೆ.

"ಯಪ್ಪಾ! ಇದನ್ನ ಅವತ್ತ ಹೇಳಬಾರದಿತ್ತೇನ್ರಿ?"

"ನೀ ಕೇಳಲಿಲ್ಲ."

ಅವನು ನನ್ನನ್ನು ನೋಡಿದ ರೀತಿಗೆ ನನಗೇ ನಗು ಬಂತು, ತಡೆದುಕೊಂಡೆ. "ನಮ್ಮಪ್ಪಗ ಗೊತ್ತಾದ್ರ ಮನಿ ಒಳಗ ಬಿಡೂದಿಲ್ರಿ. ಬಡಿಗೇರರ ಮಗ ಒಂದ ಅಳದು ಹತ್ತ ಮಾಡಿಸ್ಯಾನ ಅಂತ ಊರೆಲ್ಲಾ ನಗತೈತಿ" ಎಂದ. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ, ನಾನು ಪಕ್ಕದಲ್ಲಿ ಕೂತು ಸಮಾಧಾನದಿಂದ ಹೇಳಿದೆ. ಅವನ ಹತ್ತಿರ ಬೇರೆ ಊರುಗಳ ಹೊಸ ಕಟ್ಟಡದ ಕೆಲಸಗಳಿವೆ, ಈ ಹತ್ತೂ ಅಲ್ಲಿಗೆ ಆಗುತ್ತವೆ. ಇಲ್ಲಿಗೆ ಕಟ್ಟಿಗೆಯವನ್ನೇ, ಒಂದೊಂದನ್ನೂ ಅಳೆದು, ಪೂರ್ತಿ ತೆರೆಯುವ ಬಾಗಿಲು ಹಚ್ಚಿ, ತನ್ನಪ್ಪನ ಕೈಯಲ್ಲೇ ಮಾಡಿಸಲಿ. ಎಂಜಿನಿಯರರಿಗೆ ಹೇಗೂ ಹೊಸ ಅಳತೆ ಬರೆದುಕೊಡಲೇಬೇಕು. ಬರೆಯುವಾಗ ಹನ್ನೊಂದು ಬರೆಯಲಿ.

"ಹನ್ನೊಂದನೇದ್ದು ಎಲ್ಲೈತ್ರಿ?"

ಕರೆದುಕೊಂಡು ಹೋಗಿ ತೋರಿಸಿದೆ. "ಇದು ಗ್ವಾಡಿ ಅಲ್ರೀ?" ಎಂದ. ಹೊರಗಿನಿಂದ ನೋಡಿದರೆ ಮೇಲಿನ ಅಡ್ಡಗಲ್ಲು, ಕೆಳಗಿನ ಹೊಸ್ತಿಲಗಲ್ಲು ಎರಡೂ ಹಾಗೇ ಇದ್ದವು. ಬಡಿಗೇರನ ಕಣ್ಣಿಗೆ ಅಷ್ಟು ಸಾಕಾಯಿತು. ಎಂಜಿನಿಯರೂ ಬಂದು ನೋಡಿ ತಲೆದೂಗಿದರು. ಇಲ್ಲದ ಕಿಟಕಿ ಇದ್ದದ್ದಾಯಿತು. ಆದರೆ ಗೋಡೆ ಒಡೆಯುವುದಕ್ಕೆ ಶಾಲಾ ಸಮಿತಿಯ ಠರಾವು ಬೇಕು ಎಂದರು.

ಸಮಿತಿಯ ಸಭೆಯಲ್ಲಿ ಶಿವಪುತ್ರಪ್ಪ ಕಾಕಾ ಒಪ್ಪಲಿಲ್ಲ. ಕೆಟ್ಟವರಲ್ಲ, ಶಾಲೆಯ ಬೋರು ಕೆಟ್ಟರೆ ತಮ್ಮ ಹೊಲದಿಂದ ನೀರು ಕಳಿಸುವವರು. "ಅಕ್ಕೋರ, ಅದರ ಎದುರಿಗೇ ಈಗ ಚಹಾದಂಗಡಿ ಐತಿ. ಕುಂತ ಮಂದಿ ಕಣ್ಣೆಲ್ಲಾ ಒಳಗ ಬೀಳ್ತಾವ. ಹೆಣಮಕ್ಕಳು ಕೂಡೋ ಖೋಲಿ ಅದು" ಎಂದರು.

"ಬೀಳ್ಲಿ ಬಿಡ್ರಿ ಕಾಕಾ. ನಮ್ಮ ಹುಡುಗ್ಯಾರಿಗೂ ಕಣ್ಣ ಅದಾವ. ಕೆಲಸಾ ಬಿಟ್ಟು ಇಡೀ ದಿನಾ ಕೂಡಾವರು ಯಾರ್ಯಾರು ಅಂತ ದಿನಾ ಹೆಸರ ಬರದು ಗ್ವಾಡಿಗೆ ಹಚ್ಚಸ್ತೇನಿ."

ಸದಸ್ಯರಲ್ಲಿ ಇಬ್ಬರು ನೆಲ ನೋಡಿದರು. ಕಾಕಾ ಸೋಲಲಿಲ್ಲ. "ಜ್ಞಾನವೇ ಬೆಳಕು ಅಂತ ಚಂದಾಗಿ ಬರಸ್ಯಾರಲ್ರಿ ಅದರ ಮ್ಯಾಲ?" "ಬಾಜೂಕ ಬರಸೂಣ್ರಿ. ಜ್ಞಾನದ ಬೆಳಕು ಎಲ್ಲಿದ್ರೂ ನಡೀತೈತಿ, ಸೂರ್ಯಾನ ಬೆಳಕಿಗೆ ತೂತ ಬೇಕು" ಎಂದೆ. ಆಗ ಅವರು ಕೊನೆಯ ಮಾತು ತೆಗೆದರು. "ಅದನ್ನ ಮುಚ್ಚಿದಾವ ನಿಮ್ಮಪ್ಪ. ಊರ ಹೆಣಮಕ್ಕಳ ಮಾನಕ್ಕಂತ ಮುಚ್ಯಾನ. ಹಿರ್ಯಾನ ಕೆಲಸಾ ಮಗಳಾಗಿ ನೀವ ಕೆಡಸೂದ ಛಲೋ ಕಾಣಸೂದಿಲ್ಲ."

ನನಗೆ ಆ ಸಭೆಯಲ್ಲಿ ಹೇಳುವ ವಿಚಾರವೇ ಇರಲಿಲ್ಲ. ಆದರೆ ಸುಳ್ಳಿನ ಮೇಲೆ ನಿಂತ ಗೋಡೆಗೆ ಮಾನ ಎಂದು ಹೆಸರಿಟ್ಟಾಗ ಬಾಯಿ ತಾನೇ ತೆರೆಯಿತು. "ಮಾನಕ್ಕಲ್ರಿ ಕಾಕಾ. ನನ್ನ ಹೊಟ್ಟೀಕಿಚ್ಚಿಗೆ ಮುಚ್ಯಾನ" ಎಂದು ಎಲ್ಲವನ್ನೂ ಹೇಳಿದೆ. ಮಗ್ಗಿ, ಒಳಗಿನಾಕಿ, ಮೇವು, ಬಂಡಿ, ಏನನ್ನೂ ಬಿಡಲಿಲ್ಲ.

ಕಾಕಾ ಪೆನ್ನು ತೆಗೆದು ಠರಾವಿಗೆ ಸಹಿ ಮಾಡಿದರು. ಮಾಡಿ ಕೇಳಿದರು: "ಗೌರವ್ವಗ ಗೊತ್ತೈತೇನು?"

"ಇಲ್ರಿ."

"ನಮ್ಮ ಬಾಯಿಂದ ಹೊರಗ ಹೋಗೂದಿಲ್ಲ. ಆಕಿಗೆ ನೀವ ಹೇಳ್ರಿ. ಗ್ವಾಡಿ ಒಡ್ಯಾಕ ನಮ್ಮ ಸಹಿ ಸಾಕು, ಅದಕ್ಕ ಸಾಲೂದಿಲ್ಲ."

ಧೈರ್ಯ ಎಂಬುದು ನನಗೆ ಎಂಜಿನಿಯರರ ಎದುರು ಬರುತ್ತದೆ, ಸಮಿತಿಯ ಎದುರೂ ಬರುತ್ತದೆ, ಅಕ್ಕನ ಎದುರು ಬರುವುದಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಅಳೆದೂ ಸುರಿದೂ ಬೇಸಿಗೆ ಕಳೆಯಿತು. ಅಪ್ಪ ಕಟ್ಟಿದ ಗೋಡೆ ಒಡೆಯಲು ಮೌನೇಶನ ಆಳುಗಳಿಗೆ ಎರಡು ದಿನ ಹಿಡಿಯಿತು. ಬೆಳಗಿನ ಹೊತ್ತಿನಲ್ಲಿ ಕಟ್ಟಿದ್ದನ್ನು ಎರಡು ದಿನ ಒಡೆಯಬೇಕಾಯಿತು ಎಂದರೆ ನೋಡಿ, ಕೆಲಸಕ್ಕೆ ಮೋಸ ಮಾಡುವ ಮನುಷ್ಯನಲ್ಲ ಅವನು. ಕೊನೆಯ ಕಲ್ಲು ಬಿದ್ದಾಗ ಖೋಲಿಯೊಳಗೆ ಬಿಸಿಲು ಎಷ್ಟು ದೂರ ಬಂತೆಂದರೆ ನನ್ನ ಚಪ್ಪಲಿಯ ತನಕ ಬಂತು. ಮೌನೇಶನ ಅಪ್ಪ ತಾನೇ ಕೂತು ಹನ್ನೊಂದು ಚೌಕಟ್ಟು ಮಾಡಿದ, ಹನ್ನೊಂದೂ ಮೊದಲ ಸಲಕ್ಕೇ ಕೂತವು. ಮಗನನ್ನು ಒಂದು ಸಲ ನೋಡಿದ, ಬೈಯಲಿಲ್ಲ.

ಆವತ್ತು ಸಂಜೆ ಇನ್ನು ತಪ್ಪಿಸಿಕೊಳ್ಳಲು ದಾರಿ ಇಲ್ಲ ಎಂದು ಅಕ್ಕನ ಮನೆಗೆ ನಡೆದೆ. ಅವಳು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. "ಕಿಡಕಿ ತೆಗಿಸಿದಿ ಅಂತಲ್ಲ" ಎಂದಳು ತಲೆ ಎತ್ತದೆ. ನಾನು ನಿಂತುಕೊಂಡೇ ಹೇಳಿದೆ. "ಅಕ್ಕಾ, ಅದನ್ನ ಮುಚ್ಚಿಸಿದಾಕೀನೂ ನಾನ. ಅಪ್ಪಗ ಹೇಳಿದಾಕಿ ನಾನ."

ಅವಳ ಕೈ ನಿಂತಿತು. "ನೀನಾ?"

"ಹೂಂ."

"ಮಾಸ್ತರ ಅಲ್ಲಾ?"

"ಮಾಸ್ತರ ಯಾಕ ಹೇಳ್ತಾರಕ್ಕಾ? ನಿನ್ನ ಸಲುವಾಗಿ ಹಲಗಿ ತಿರುಗಿಸಿ ಇಟ್ಟಿದ್ರು ಅವರು."

ಅಕ್ಕ ಮೊರವನ್ನು ಕೆಳಗಿಟ್ಟಳು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನಾನು ಎರಡಕ್ಕೂ ತಯಾರಾಗಿ ಬಂದಿದ್ದೆ. ಅವಳು ಜೋಳ ನೋಡುತ್ತ ನಿಧಾನವಾಗಿ ಹೇಳಿದಳು: "ಮಾಸ್ತರ ಹೇಳ್ಯಾರ ಅಂತ ತಿಳದಿದ್ನಿ. ಹೊರಗಿನಾಕಿ ಕಾಟಾ ಭಾಳ ಆಗೇತಿ ಅಂತ ಅವರ ಹೇಳಿರಬೇಕು ಅಂತ. ಅವತ್ತಿನಿಂದ ಅವರಿಗೆ ಮಾರಿ ಕೊಟ್ಟು ಮಾತಾಡ್ಲಿಲ್ಲ ನಾ. ಎದುರಿಗೆ ಬಂದ್ರ ಬ್ಯಾರೆ ಹಾದಿ ಹಿಡೀತಿದ್ನಿ. ಹಾಸಿಗಿ ಹಿಡದಾಗ ಹೇಳಿ ಕಳಿಸಿದ್ರು, ಗೌರಿನ್ನ ಕರೀರಿ, ಒಮ್ಮೆ ಆಕಿ ಬಾಯಿಲೆ ಮಗ್ಗಿ ಕೇಳಬೇಕು ಅಂತ. ನಾ ಹೋಗ್ಲಿಲ್ಲ. ಎರಡ ದಿನಕ್ಕ ಹ್ವಾದ್ರು."

ಇದು ನನಗೆ ಗೊತ್ತಿರಲಿಲ್ಲ. ನಾನು ಮುಚ್ಚಿಸಿದ್ದು ಒಂದು ಕಿಟಕಿ ಎಂದೇ ಇಷ್ಟು ವರ್ಷ ಲೆಕ್ಕ ಹಿಡಿದಿದ್ದೆ. ಅಲ್ಲೇ ಅಂಗಳದಲ್ಲಿ ಕುಸಿದು ಕೂತು ಅತ್ತೆ, ಐವತ್ತೊಂಬತ್ತು ವರ್ಷದ ಹೆಡ್ ಅಕ್ಕೋರು ಎಂಬ ಅಳುಕೂ ಇಲ್ಲದೆ ಅತ್ತೆ. ಅಕ್ಕ ಅಳಲಿಲ್ಲ. "ನೀ ಈಗ ಮನಿಗೆ ಹೋಗು" ಎಂದಳು. ಹೋದೆ.

ಆಮೇಲೆ ಎರಡು ವಾರ ಅಕ್ಕನ ಸುದ್ದಿ ಇಲ್ಲ. ನಾನು ಕಳಿಸಿದ ಕಡುಬು ಡಬ್ಬಿಯ ಸಮೇತ ವಾಪಸು ಬಂತು. ಶಾಲೆ ಶುರುವಾದ ದಿನ ಹನ್ನೊಂದು ಕಿಟಕಿಗಳನ್ನೂ ನಾನೇ ತೆರೆದೆ. ಮಕ್ಕಳು ಒಂದೊಂದಕ್ಕೂ ಕೈ ಹಾಕಿ ತೆರೆದು ಮುಚ್ಚಿ ತೆರೆದು ಮುಚ್ಚಿ ನನ್ನ ತಲೆ ಚಿಟ್ಟು ಹಿಡಿಸಿದರು, ಬೈಯಲು ಮನಸ್ಸಾಗಲಿಲ್ಲ. ಮುಖ್ಯೋಪಾಧ್ಯಾಯಿನಿಗೆ ಆಫೀಸಿನ ಕೆಲಸ ಬೆಟ್ಟದಷ್ಟು ಇರುತ್ತದೆ. ಎಲ್ಲ ಬದಿಗಿಟ್ಟು ನಾಲ್ಕನೆಯ ತರಗತಿಯನ್ನು ನಾನೇ ತೆಗೆದುಕೊಂಡೆ. ಕರಿಹಲಗೆಯನ್ನು ಸಣ್ಣ ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ ಇಟ್ಟೆ. ಅಕ್ಕ ಬಂದು ಅಲ್ಲಿ ನಿಂತರೆ ಸಾಕು, ನನ್ನ ಪಾಪ ಅರ್ಧ ಕಳೆಯಿತು ಎಂದು ಮನಸ್ಸಿನಲ್ಲೇ ನಾಟಕ ಬರೆದುಕೊಂಡಿದ್ದೆ.

ಹತ್ತು ಗಂಟೆಗೆ ಹೊರಗೆ ಹಸಿರು ಸೀರೆ ಕಂಡಿತು. ಅಕ್ಕ! ಕಿಟಕಿಯ ತನಕ ಬಂದಳು. ನನ್ನ ಬಾಯಿಯಲ್ಲಿದ್ದ ಪಾಠ ನಿಂತಿತು. ಅವಳು ಒಳಗೆ ನೋಡಲೂ ಇಲ್ಲ, ನಿಲ್ಲಲೂ ಇಲ್ಲ, ಸರಸರ ದಾಟಿ ಹೋದಳು. ಹೋಗಲಿ ಬಿಡು, ನಿನಗೆ ಇಷ್ಟಾದರೂ ಆಗಬೇಕು ಎಂದು ನನಗೆ ನಾನೇ ಹೇಳಿಕೊಂಡು ಪುಸ್ತಕದ ಕಡೆ ತಿರುಗಿದೆ.

"ಚಪ್ಲಿ ಹೊರಗ ಬಿಡಬೇಕೇನು?"

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮಕ್ಕಳೆಲ್ಲ ತಿರುಗಿ ನೋಡಿದರು. ನಾನು "ಅಕ್ಕಾ, ಕಿಡಕಿ..." ಎಂದೆ.

"ಏನ್ ಕಿಡಕಿ? ಆಗ ಸೊಂಟದ ಮ್ಯಾಲ ಕೂಸಿತ್ತು, ಒಳಗ ಬಾ ಅನ್ನಾವರು ಯಾರೂ ಇರಲಿಲ್ಲ, ಕಿಡಕಿ ಹಂತೇಕ ನಿಂತ್ನಿ. ಈಗ ಯಾಕ ನಿಲ್ಲಲಿ? ನನಗ ಬೇಕಾಗಿದ್ದು ಕಿಡಕಿ ಅಲ್ಲ. ಬಾಗಲಾ ಇಲ್ಲೇನು ನಿಮ್ಮ ಸಾಲಿಗೆ?"

ಒಳಗೆ ಬಂದಳು. ಎರಡನೆಯ ಬೆಂಚಿನ ಹುಡುಗಿಯರಿಗೆ "ಜರಾ ಸರೀರವಾ" ಎಂದು, ಮೊಣಕಾಲು ಹಿಡಿದುಕೊಂಡು ಉಸ್ಸೆಂದು ಕೂತಳು. ಸೆರಗು ಸರಿಮಾಡಿಕೊಂಡು, ನಲವತ್ತು ಮಕ್ಕಳ ಎದುರಿಗೇ ನನ್ನನ್ನು ನೋಡಿ ಹೇಳಿದಳು: "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ. ತಿಳೀತೋ ಇಲ್ಲೋ?"

"ತಿಳೀತ್ರಿ" ಎಂದೆ. ಅಕ್ಕನಿಗೆ ನಾನು ಎಂದೂ 'ರಿ' ಹಚ್ಚಿದವಳಲ್ಲ.

"ಮಗ್ಗಿ ಬ್ಯಾಡ, ಅವು ಬರ್ತಾವ ನನಗ. ಭಾಗಾಕಾರ ಕಲಸು. ನಾಳಿಗೆ ಭಾಗಾಕಾರ ಅಂತ ಹೇಳಿದ್ರು ಮಾಸ್ತರ. ಮರುದಿನ ಬಂದ್ರ ಗ್ವಾಡಿ ಇತ್ತು."

ಹಲಗೆ ಒರೆಸಿದೆ. ತೊಂಬತ್ತಾರನ್ನು ನಾಲ್ಕರಿಂದ ಭಾಗಿಸುವ ಲೆಕ್ಕವನ್ನು ಅವಸರದಲ್ಲಿ ಸಣ್ಣದಾಗಿ ಗೀಚಿದೆ, ಒಂಬತ್ತು ಯಾವುದು, ಆರು ಯಾವುದು ತಿಳಿಯದ ಹಾಗಾಯಿತು.

"ಸರಿಯಾಗಿ ಬರಿ," ಎಂದಳು ಅಕ್ಕ, "ಹಿಂದ ಕುಂತವರಿಗೆ ಕಾಣೂದಿಲ್ಲ."

ಅಳಿಸಿ, ದೊಡ್ಡದಾಗಿ ಬರೆದೆ.